ಮಾರುತಿ 800: ಥರ್ಮೋಸ್ಟಾಟ್ ನಾನೇ ಬದಲಿಸಿದ ಬಗೆ

ಎಂಜಿನ್ ಬಿಸಿಯಾಗುತ್ತಿದೆ ಎಂದರೆ ಸಾಕು, "ಥರ್ಮೋಸ್ಟಾಟ್ ಕಿತ್ತುಬಿಡಿ, ನಮ್ಮ ಸೆಕೆಗೆ ಅದ್ಯಾಕೆ?" ಎನ್ನುವ ಸಲಹೆ ಇವತ್ತಿಗೂ ಸಿಗುತ್ತದೆ. ಎಂಜಿನ್ ಕಾಯುವವರೆಗೆ ರೇಡಿಯೇಟರಿಗೆ ಹೋಗುವ ನೀರನ್ನು ತಡೆದು, ಆಮೇಲೆ ಬಿಡುವ ಕವಾಟವೇ ಥರ್ಮೋಸ್ಟಾಟ್. ನನ್ನ 796 ಸಿಸಿ ಕಾರ್ಬುರೇಟರ್ ಮಾರುತಿಯಲ್ಲೂ ಆ ಜಾಗ ಖಾಲಿಯಿತ್ತು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೇಗ ಕಾಯುವುದಿಲ್ಲ. ತಣ್ಣನೆಯ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡುವ ಚೋಕ್ ಎಳೆದುಕೊಂಡೇ ಹೆಚ್ಚು ದೂರ ಓಡಿಸಬೇಕಾಗುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲಿಗೆ ಸೇರಿದ ತೇವ ಆರದೆ ಕೆಸರುಗಟ್ಟುತ್ತದೆ. ಬಿಸಿಯಾಗುವುದಕ್ಕೆ ಕಾರಣ ಸಾಮಾನ್ಯವಾಗಿ ಬೇರೆಲ್ಲೋ ಇರುತ್ತದೆ: ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದ ರೇಡಿಯೇಟರ್, ತಿರುಗದ ಫ್ಯಾನ್, ಸಡಿಲವಾದ ಬೆಲ್ಟ್.

ಕೊಂಡದ್ದು: ಥರ್ಮೋಸ್ಟಾಟ್, ಅದರ ಪೇಪರ್ ಪ್ಯಾಕಿಂಗ್, ಮೇಲಿನ ಮತ್ತು ಕೆಳಗಿನ ರೇಡಿಯೇಟರ್ ಹೋಸ್, ನಾಲ್ಕು ಹೋಸ್ ಕ್ಲಿಪ್, ರೇಡಿಯೇಟರ್ ಮುಚ್ಚಳ, ನಾಲ್ಕು ಲೀಟರ್ ರೆಡಿಮಿಕ್ಸ್ ಕೂಲೆಂಟ್ (ನೀರು ಬೆರೆಸಿಯೇ ಬರುವ, ಎಂಜಿನ್ ತಣಿಸುವ ದ್ರವ). ಮುಚ್ಚಳವನ್ನು ಕಡೆಗಣಿಸಬೇಡಿ. ಅದರ ಮೇಲೆ 0.9 (ಬಾರ್ ಲೆಕ್ಕದ ಒತ್ತಡ) ಎಂದಿದ್ದರೆ, ಆ ಒತ್ತಡದಲ್ಲಿ ಬರೀ ನೀರೂ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಸ್ಪ್ರಿಂಗ್ ಸತ್ತ ಮುಚ್ಚಳವಿದ್ದರೆ ಬೆಂಗಳೂರಿನ ಎತ್ತರದಲ್ಲಿ ನೀರು 97ಕ್ಕೇ ಕುದಿಯುತ್ತದೆ.

ಹೊಸ ಥರ್ಮೋಸ್ಟಾಟನ್ನೂ ಪರೀಕ್ಷಿಸದೆ ಹಾಕಬಾರದು. ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರಿಟ್ಟು, ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಜೊತೆಗಿಟ್ಟು ಕಾಯಿಸಿದೆ. ಅದರ ಮೇಲೆ ಅಚ್ಚಾದ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು, ತಣಿದಾಗ ಪೂರ್ತಿ ಮುಚ್ಚಬೇಕು.

ಎಂಜಿನ್ ಕೈಗೆ ತಣ್ಣಗೆ ಹತ್ತುವವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಹಳೇ ಕೂಲೆಂಟನ್ನು ಬಕೆಟಿಗೆ ಇಳಿಸಿ. ಅದು ವಿಷ, ರುಚಿ ಸಿಹಿ. ನಾಯಿ, ಬೆಕ್ಕು ನೆಕ್ಕುತ್ತವೆ, ನೆಲಕ್ಕೆ ಚೆಲ್ಲಬೇಡಿ. ಅಂಟಿಕೊಂಡ ಹೋಸನ್ನು ತಿರುಚಿ ಎಳೆದರೆ ರೇಡಿಯೇಟರಿನ ಮೂತಿಯೇ ಮುರಿದೀತು. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿದೆ.

ಮೇಲಿನ ಹೋಸ್ ಎಂಜಿನ್ ಕಡೆ ಸೇರುವಲ್ಲಿ ಸಣ್ಣ ಅಲ್ಯೂಮಿನಿಯಂ ಮುಚ್ಚಳವಿದೆ, ಥರ್ಮೋಸ್ಟಾಟ್ ಕೂರುವುದು ಅದರಡಿ. ಕೆಲಸ ಕೆಡುವುದು ಇಲ್ಲೇ. ಅಲ್ಯೂಮಿನಿಯಂನಲ್ಲಿ ತುಕ್ಕು ಹಿಡಿದು ಕೂತ ಬೋಲ್ಟನ್ನು ಜೋರು ಮಾಡಿದರೆ ತಲೆ ತುಂಡಾಗುತ್ತದೆ, ಆಮೇಲೆ ಲೇತ್ ಅಂಗಡಿಯೇ ಗತಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಬೆಳಿಗ್ಗೆ ಕಾಲು ಸುತ್ತು ಬಿಚ್ಚಿ, ಮತ್ತೆ ಅಷ್ಟೇ ಬಿಗಿದು, ಮತ್ತೆ ಬಿಚ್ಚುತ್ತಾ ಹೋದೆ.

ಹಳೇ ಪ್ಯಾಕಿಂಗ್ ಕೆರೆಯಲು ಪ್ಲಾಸ್ಟಿಕ್ ತುಂಡು ಸಾಕು. ಬ್ಲೇಡಿನ ಒಂದು ಗೀರಾದರೂ ಅಲ್ಲಿಂದಲೇ ಸೋರುತ್ತದೆ. ಥರ್ಮೋಸ್ಟಾಟಿನ ಸ್ಪ್ರಿಂಗ್ ಇರುವ ಬದಿ ಎಂಜಿನ್ ಕಡೆಗಿರಲಿ, ಸಣ್ಣ ಗಾಳಿರಂಧ್ರ ಮೇಲಕ್ಕಿರಲಿ. ಸೀಲಂಟ್ ತುಂಬಾ ಮೆತ್ತಬೇಡಿ; ಉಬ್ಬಿ ಒಳಬಂದದ್ದು ಕಳಚಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಇಲ್ಲದಿದ್ದರೆ ಮುಚ್ಚಳ ಬಾಗುತ್ತದೆ.

ಕೂಲೆಂಟ್ ನಿಧಾನ ಸುರಿಯಿರಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ಎಂಜಿನ್ ಐಡ್ಲಿಂಗಿನಲ್ಲಿ ಬಿಡಿ. ಮೊದಲು ಗುಳ್ಳೆ ಬರುತ್ತದೆ. ಆಮೇಲೆ ತಣ್ಣಗಿದ್ದ ಮೇಲಿನ ಹೋಸ್ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ ಎಂದರ್ಥ. ಮಟ್ಟ ಇಳಿದಷ್ಟು ತುಂಬಿಸಿ, ಮುಚ್ಚಳ ಹಾಕಿ, ಫ್ಯಾನ್ ತಾನಾಗಿ ಶುರುವಾಗುವವರೆಗೆ ಕಾಯಿರಿ. ಗುಳ್ಳೆ ನಿಲ್ಲದೇ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಪ್ಯಾಕಿಂಗ್) ಮೇಲೆ ಅನುಮಾನ ಪಡಬೇಕು. ಮರುದಿನ ಎಂಜಿನ್ ತಣ್ಣಗಿರುವಾಗ ಮಟ್ಟ ನೋಡಿದಾಗ ಇನ್ನೂ ಒಂದು ಲೋಟದಷ್ಟು ಹಿಡಿಯಿತು. ಕ್ಲಿಪ್‌ಗಳನ್ನೂ ಆಗಲೇ ಇನ್ನೊಂದು ಸುತ್ತು ಬಿಗಿದೆ.