ಅತ್ತೆಯನ್ನು ಹೊರಳಿಸುವ ಮೊದಲು

ನಮ್ಮ ಅತ್ತೆಗೆ ಪಾರ್ಶ್ವವಾಯು ಹೊಡೆದು ಮೂರು ವರ್ಷವಾಯಿತು. ಬಲಗೈ, ಬಲಗಾಲು ಆಡುವುದಿಲ್ಲ. ಮಾತು ‘ಹೂಂ’, ‘ಬೇಡ’ ಅಷ್ಟೇ ಉಳಿದಿದೆ. ಮೊದಲ ಆರು ತಿಂಗಳು ಮಾತ್ರೆ, ಸ್ನಾನ, ಊಟ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡಿದೆ. ಆದರೂ ನನ್ನನ್ನು ಕಂಡರೆ ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು.

ಕಾರಣ ತಡವಾಗಿ ಹೊಳೆಯಿತು. ಹಾಸಿಗೆ ಹುಣ್ಣು ಆಗಬಾರದೆಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವಲ್ಲ, ಅದನ್ನು ನಾನು ಹೇಳದೆ ಕೇಳದೆ ಮಾಡುತ್ತಿದ್ದೆ. ನಮ್ಮನ್ನು ಯಾರಾದರೂ ಹಾಗೆ ಎಳೆದರೆ ಸಿಟ್ಟು ಬರುತ್ತೆ ಅಲ್ವಾ? ಮುಟ್ಟುವ ಮೊದಲು ಹೇಳಿ: ‘ಅತ್ತೆ, ಈಗ ಎಡಕ್ಕೆ ತಿರುಗೋಣ್ವಾ?’ ‘ಹೂಂ’ ಬರುವವರೆಗೆ ಕಾಯಿರಿ. ‘ಬೇಡ’ ಅಂದರೆ ಐದು ನಿಮಿಷ ಬಿಟ್ಟು ಮತ್ತೆ ಕೇಳಿ.

ಮಾತು ನಿಂತ ಮಾತ್ರಕ್ಕೆ ತಿಳಿವಳಿಕೆ ಹೋಗಿರುತ್ತದೆ ಅಂದುಕೊಳ್ಳಬೇಡಿ. ಕಿರುಚಬೇಡಿ, ಮಗುವಿಗೆ ಹೇಳಿದಂತೆ ಹೇಳಬೇಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಸಾಧ್ಯವಾದರೆ ವಸ್ತುವನ್ನೇ ತೋರಿಸಿ. ನೆಂಟರು ಬಂದು ‘ನಿಮ್ಮತ್ತೆ ಊಟ ಮಾಡ್ತಾರಾ?’ ಅಂತ ನನ್ನನ್ನು ಕೇಳಿದರೆ, ‘ಅವರನ್ನೇ ಕೇಳಿ’ ಅನ್ನುತ್ತೇನೆ.

ಬಟ್ಟೆಯ ವಿಷಯದಲ್ಲೂ ನಾನು ತಪ್ಪಿದ್ದೆ. ನನಗೆ ಸುಲಭವೆಂದು ನೈಟಿ ಹಾಕಿದ್ದೆ. ಜೀವನವಿಡೀ ಸೀರೆ ಉಟ್ಟವರು. ಈಗ ರಾತ್ರಿ ನೈಟಿ, ಸಂಜೆ ಬಾಗಿಲ ಬಳಿ ಕೂರುವಾಗ ಸೀರೆ. ಹತ್ತು ನಿಮಿಷ ಜಾಸ್ತಿ ಬೇಕು, ಆದರೆ ಅವರು ತಲೆ ಎತ್ತಿ ಕೂರುತ್ತಾರೆ.

ನಿಮಗೂ ಬಿಡುವು ಬೇಕು. ಗುರುವಾರ ನಾದಿನಿ ಬಂದು ಎರಡು ಗಂಟೆ ಕೂರುತ್ತಾರೆ, ನಾನು ಹೊರಗೆ ಹೋಗುತ್ತೇನೆ. ಸುಸ್ತಾದ ದಿನವೇ ನಾನು ಜಾಸ್ತಿ ರೇಗಿರುವುದು. ರೇಗಿದರೆ ಕ್ಷಮೆ ಕೇಳಿ, ಅವರಿಗೆ ಅರ್ಥವಾಗುತ್ತದೆ. ಮನಸ್ಸು ತೀರಾ ಕುಗ್ಗಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು, ಅವರಿಗೆ ಮನೆಯ ಕೆಲಸ ಕೊಡಿ. ಸುಮ್ನೆ ಹೊತ್ತು ಕಳೆಯಲು ಅಲ್ಲ, ಅಡುಗೆಗೆ ನಿಜವಾಗಿ ಬೇಕಾದ ಕೆಲಸ. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳನ್ನು ಅತ್ತೆ ಎಡಗೈಯಲ್ಲೇ ಹಿತುಕುತ್ತಾರೆ. ಒಂದು ಬಟ್ಟಲಿಗೆ ಒಂದು ಗಂಟೆ ಹಿಡಿಯುತ್ತದೆ. ನಾನು ಕೈ ಹಾಕುವುದಿಲ್ಲ. ಕಳೆದ ಸಲ ಸಾರನ್ನು ಆರಿಸಿ ಒಂದು ಚಮಚ ಕೊಟ್ಟೆ. ಮುಖ ಕಿವುಚಿದರು. ಖಾರದ ಪುಡಿ ಡಬ್ಬಿ ತೋರಿಸಿದೆ. ‘ಬೇಡ.’ ಧನಿಯಾ ಪುಡಿ ತೋರಿಸಿದೆ. ‘ಹೂಂ.’