ಪ್ರಾಗ್‌ನಲ್ಲಿ ಒಂದು ವೀಕೆಂಡ್: ಹನ್ನೊಂದು ಜನ ಸ್ಟೂಡೆಂಟ್ಸ್‌ನ ಕರ್ಕೊಂಡ್ ಹೋದ ನನ್ನ ಅನುಭವ

ಜರ್ಮನಿಯ ಕೆಮ್ನಿಟ್ಸ್, ಡ್ರೆಸ್ಡೆನ್ ಕಡೆ ಮಾಸ್ಟರ್ಸ್ ಮಾಡೋ ನಮ್ಮೋರು ಒಂದಲ್ಲ ಒಂದ್ಸಲ ಪಕ್ಕದ ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೋಗೇ ಹೋಗ್ತಾರೆ, ಡ್ರೆಸ್ಡೆನ್‌ನಿಂದ ಎರಡೂಕಾಲು ಗಂಟೆ ಚಿಲ್ಲರೆ ಟ್ರೈನು ಅಷ್ಟೇ. ಆದ್ರೆ ಹೋಗಿ ಬಂದೋರನ್ನ ಕೇಳಿ ನೋಡಿ, ಸೇತುವೆ ಮೇಲೆ ಕಾಲಿಡಕ್ಕೆ ಜಾಗ ಇರ್ಲಿಲ್ಲ, ಗಡಿಯಾರದ ಮುಂದೆ ಜಾತ್ರೆ, ಮಿಕ್ಕಿದ್ದು ನಾವು ಹೋದಾಗ ಕ್ಲೋಸ್ ಆಗಿತ್ತು ಅಂತಾರೆ. ಪ್ರಾಗ್‌ನಲ್ಲಿ ಏನ್ ನೋಡ್ಬೇಕು ಅನ್ನೋ ಲಿಸ್ಟ್ ಎಲ್ಲಿ ಬೇಕಾದ್ರೂ ಸಿಗುತ್ತೆ, ಯಾವ ದಿನ ಯಾವ ಹೊತ್ತಲ್ಲಿ ನೋಡ್ಬೇಕು ಅನ್ನೋದೇ ಕಷ್ಟ, ಅದರಲ್ಲೂ ಹನ್ನೊಂದು ಜನ ಇದ್ದಾಗ. ನಮ್ಮ ಕನ್ನಡದ ಗ್ಯಾಂಗ್ ಅಕ್ಟೋಬರ್ ಎರಡನೇ ವೀಕೆಂಡ್ ಹೋಯ್ತು, ಪ್ಲಾನ್ ನನ್ನ ತಲೆಗೇ ಕಟ್ಟಿದ್ರು. ಅಕ್ಟೋಬರ್ 3 ಜರ್ಮನಿಯಲ್ಲಿ ರಜೆ, ಆ ಲಾಂಗ್ ವೀಕೆಂಡ್‌ನಲ್ಲಿ ಮಾತ್ರ ಹೋಗ್ಬೇಡಿ, ನಮ್ಮ ಸ್ಯಾಕ್ಸನಿ ರಾಜ್ಯದ ಅರ್ಧ ಜನ ಅಲ್ಲೇ ಇರ್ತಾರೆ.

ಪ್ಲಾನ್ ಮಾಡಕ್ಕೆ ಕೂತಾಗ ಎರಡು ವಿಷಯ ಗೊತ್ತಾಯ್ತು, ಉಳಿದಿದ್ದೆಲ್ಲಾ ಅದರ ಸುತ್ತಾನೇ ಕೂತ್ಕೊಂಡ್ತು. ಒಂದು, ಯಹೂದಿಗಳ ಹಳೇ ಬಡಾವಣೆ ಜೋಸೆಫೋವ್‌ನಲ್ಲಿರೋ ಜ್ಯೂಯಿಶ್ ಮ್ಯೂಸಿಯಂ ಶನಿವಾರ ಬಾಗಿಲು ಹಾಕಿರುತ್ತೆ, ಅವರ ಹಬ್ಬಗಳಲ್ಲೂ ಅಷ್ಟೇ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಆ ಹಬ್ಬಗಳು ಸಾಲುಸಾಲು ಇರ್ತವೆ, ಸೈಟಲ್ಲಿ ಡೇಟ್ ನೋಡ್ಕೊಂಡೇ ಹೊರಡಿ. ಎರಡು, ಕೋಟೆ ಒಳಗಿನ ಸೇಂಟ್ ವಿಟಸ್ ಕೆಥೀಡ್ರಲ್‌ನಲ್ಲಿ ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತೆ, ನಮ್ಮಂಥ ಟೂರಿಸ್ಟ್‌ಗಳಿಗೆ ಮಧ್ಯಾಹ್ನ 12ರ ಮೇಲೇನೇ ಎಂಟ್ರಿ. ಅಲ್ಲಿಗೆ ಮುಗೀತು, ಶನಿವಾರ ಕೋಟೆ, ಭಾನುವಾರ ಜೋಸೆಫೋವ್. ಉಲ್ಟಾ ಮಾಡಿದ್ರೆ ಮ್ಯೂಸಿಯಂ ಕೈತಪ್ಪುತ್ತೆ, ಕೆಥೀಡ್ರಲ್‌ಗೆ ಮಧ್ಯಾಹ್ನದ ತನಕ ಕಾಯ್ಬೇಕು.

ಶುಕ್ರವಾರ ಮಧ್ಯಾಹ್ನ ಕ್ಲಾಸ್ ಮುಗಿಸ್ಕೊಂಡು ಹೊರಟ್ವಿ. ಡ್ರೆಸ್ಡೆನ್ ತನಕ ಡಾಯ್ಚ್‌ಲಾಂಡ್ ಟಿಕೆಟ್ ಅನ್ನೋ ತಿಂಗಳ ಪಾಸ್‌ನಲ್ಲೇ ರೀಜನಲ್ ಟ್ರೈನು, ಅಲ್ಲಿಂದ ಬಾರ್ಡರ್ ದಾಟೋ ಯೂರೋಸಿಟಿ ಎಕ್ಸ್‌ಪ್ರೆಸ್‌ಗೆ ಮುಂಚೇನೇ ಬುಕ್ ಮಾಡಿದ್ದೆ. ಚೆಕ್ ರೈಲ್ವೆ ಸೈಟಲ್ಲೂ ರೇಟ್ ನೋಡಿ, ಒಂದೇ ಟ್ರೈನು ಜರ್ಮನ್ ಸೈಟಿಗಿಂತ ಅಲ್ಲಿ ಎಷ್ಟೋ ಸಲ ಕಡಿಮೆಗೆ ಸಿಗುತ್ತೆ. ಹೋಗೋವಾಗ ಎಡಗಡೆ ಕಿಟಕಿ ಹಿಡೀರಿ, ಎಲ್ಬೆ ನದಿ ಬಾರ್ಡರ್ ದಾಟಿದ ಮೇಲೂ ತುಂಬ ದೂರ ನಿಮ್ಮ ಪಕ್ಕಾನೇ ಇರುತ್ತೆ, ಬಾರ್ಡರ್‌ಗೆ ಮುಂಚೆ ಬರೋ ಬಾಡ್ ಶಾಂಡಾವ್ ಹತ್ರ ಬಂಡೆಗಳು ನದಿ ತನಕ ಇಳಿದಿರೋದನ್ನ ನೋಡ್ತಾ ಇದ್ದಾಗ ಗ್ಯಾಂಗ್‌ನಲ್ಲಿ ಯಾರೂ ಫೋನ್ ಮುಟ್ಲಿಲ್ಲ, ಫೋಟೋಗೆ ಬಿಟ್ಟು.

ಹಾಸ್ಟೆಲ್ ಓಲ್ಡ್ ಟೌನ್ ಒಳಗೆ ಬೇಡ ಅಂತ ನಾನೇ ಹಠ ಮಾಡಿದ್ದು. ಅಲ್ಲಿ ರೇಟೂ ಜಾಸ್ತಿ, ರಾತ್ರಿಯೆಲ್ಲಾ ಕುಡಿದೋರ ಗಲಾಟೆ ಬೇರೆ. ಝಿಝ್ಕೋವ್ ಅಂತ ಏರಿಯಾ, ಅಲ್ಲೊಂದು 216 ಮೀಟರ್ ಎತ್ತರದ ಟಿವಿ ಟವರ್ ಇದೆ, ಅದರ ಮೇಲೆ ಮುಖಾನೇ ಇಲ್ದಿರೋ ದೈತ್ಯ ಮಗುಗಳು ಅಂಬೆಗಾಲಲ್ಲಿ ಹತ್ತಿರೋ ಶಿಲ್ಪ, ಡೇವಿಡ್ ಚೆರ್ನಿ ಮಾಡಿದ್ದು, ನೋಡಿದ್ರೆ ಸ್ವಲ್ಪ ಭಯಾನೇ ಆಗುತ್ತೆ. ಅಲ್ಲಿಂದ ಸೆಂಟರ್‌ಗೆ ಟ್ರಾಮ್‌ನಲ್ಲಿ ಹತ್ತು ಹದಿನೈದು ನಿಮಿಷ. ಟ್ರಾಲಿ ಬ್ಯಾಗ್ ತರ್ಬೇಡಿ ಅಂತ ಗ್ರೂಪಲ್ಲಿ ಮೂರು ಸಲ ಮೆಸೇಜ್ ಹಾಕಿದ್ದೆ, ಊರೆಲ್ಲಾ ಕಲ್ಲು ಹಾಸಿದ ರೋಡು, ಚಕ್ರ ಉಳಿಯಲ್ಲ. ಪೇಪರ್ ಟಿಕೆಟ್ ತಗೊಂಡ್ರೆ ಮೊದಲ ಸಲ ಹತ್ತೋವಾಗ ಹಳದಿ ಮಷೀನ್‌ನಲ್ಲಿ ಸ್ಟಾಂಪ್ ಹೊಡೀಲೇಬೇಕು, ಸ್ಟಾಂಪ್ ಇಲ್ದಿದ್ರೆ ಟಿಕೆಟ್ ಇದ್ರೂ ಇಲ್ಲದ ಲೆಕ್ಕ. ಚೆಕಿಂಗ್‌ನವರು ಮಾಮೂಲಿ ಬಟ್ಟೇಲಿ ಬರ್ತಾರೆ, ಟೂರಿಸ್ಟ್ ಅಂತ ಬಿಡಲ್ಲ.

ಇನ್ನು ದುಡ್ಡು. ಚೆಕ್‌ನಲ್ಲಿ ಯೂರೋ ಅಲ್ಲ ಕೊರುನಾ, ಒಂದು ಯೂರೋಗೆ ಸುಮಾರು 24-25 ಬರುತ್ತೆ. ಕಾರ್ಡ್ ಬಹುತೇಕ ಎಲ್ಲಾ ಕಡೆ ನಡೆಯುತ್ತೆ. ಮಷೀನ್ ಯೂರೋದಲ್ಲಿ ಕಟ್ ಮಾಡ್ಲಾ ಕೊರುನಾದಲ್ಲಿ ಮಾಡ್ಲಾ ಅಂತ ಕೇಳಿದಾಗ ಕೊರುನಾನೇ ಒತ್ತಿ, ಯೂರೋ ಒತ್ತಿದ್ರೆ ಅವರ ರೇಟಲ್ಲಿ ಕನ್ವರ್ಟ್ ಆಗಿ ಸುಮ್ನೆ ಲಾಸ್. ರಸ್ತೇಲಿ ಒಬ್ಬ ಬಂದು ಒಳ್ಳೆ ರೇಟ್ ಕೊಡ್ತೀನಿ ಬಾ ಅಂದ್ರೆ ತಿರುಗಿ ನೋಡ್ದೆ ನಡೀರಿ, ಕೈಗೆ ಸಿಗೋದು ಬೇರೆ ಯಾವುದೋ ದೇಶದ ಚಲಾವಣೆಯಲ್ಲಿಲ್ಲದ ನೋಟು. ಎಕ್ಸ್‌ಚೇಂಜ್ ಅಂಗಡೀಲಿ ಮೋಸ ಹೋದ್ರಿ ಅನ್ಸಿದ್ರೆ ರಸೀದಿ ಇಟ್ಕೊಂಡು ಮೂರು ಗಂಟೆಯೊಳಗೆ ವಾಪಸ್ ಹೋಗಿ, ಕ್ಯಾನ್ಸಲ್ ಮಾಡಿ ನಿಮ್ಮ ಯೂರೋ ವಾಪಸ್ ಕೊಡ್ಬೇಕು ಅಂತ 2019ರಿಂದ ಕಾನೂನೇ ಇದೆ. ನಮ್ಮಲ್ಲಿ ಒಬ್ಬನ ಕಾರ್ಡಲ್ಲೇ ಎಲ್ಲರ ಟಿಕೆಟು ಊಟ, ಆಮೇಲೆ ಲೆಕ್ಕ ಹಂಚ್ಕೊಂಡಿದ್ದು ಸ್ಪ್ಲಿಟ್‌ವೈಸ್ ಆ್ಯಪ್‌ನಲ್ಲಿ.

ಶನಿವಾರ ಬೆಳಿಗ್ಗೆ ಆರೂವರೆಗೆ ಎಬ್ಬಿಸಿದೆ, ಬೈಸ್ಕೊಂಡೆ. ಅಕ್ಟೋಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟೋದೇ ಏಳೂಕಾಲಿಗೆ, ಆ ಹೊತ್ತಿಗೆ ಚಾರ್ಲ್ಸ್ ಬ್ರಿಡ್ಜ್ ಮೇಲೆ ಇರ್ಬೇಕು ಅಂತ ನನ್ನ ಲೆಕ್ಕ. ಹೋದಾಗ ಒಂದಿಬ್ಬರು ಓಡೋರು, ಮದುವೆ ಡ್ರೆಸ್ ಹಾಕ್ಕೊಂಡು ಫೋಟೋಶೂಟ್‌ಗೆ ಬಂದಿದ್ದ ಒಂದು ಜೋಡಿ, ಅಷ್ಟೇ. ಹತ್ತು ಗಂಟೆ ಮೇಲೆ ಇದೇ ಸೇತುವೆ ಮೇಲೆ ಭುಜಕ್ಕೆ ಭುಜ ತಾಗುತ್ತೆ. 516 ಮೀಟರ್ ಉದ್ದ, 16 ಕಮಾನು, ಎರಡೂ ಕಡೆ ಸೇರಿ 30 ವಿಗ್ರಹ ಗುಂಪು, ಹೆಚ್ಚಿನವು ಈಗ ನಕಲು, ಒರಿಜಿನಲ್‌ಗಳನ್ನ ತೆಗೆದು ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ನಾಲ್ಕನೇ ಚಾರ್ಲ್ಸ್ ರಾಜ 1357ರಲ್ಲಿ ಅಡಿಗಲ್ಲು ಹಾಕಿಸಿದ್ದು, ಅದೂ 9ನೇ ತಾರೀಕು 7ನೇ ತಿಂಗಳು ಬೆಳಿಗ್ಗೆ 5:31ಕ್ಕೆ, 1-3-5-7-9-7-5-3-1 ಬರ್ಲಿ ಅಂತ ಜ್ಯೋತಿಷಿಗಳು ಮುಹೂರ್ತ ಇಟ್ರು ಅಂತ ಕಥೆ ಇದೆ. ಗಾರೆಗೆ ಮೊಟ್ಟೆ ಕಲಸಿದ್ರಂತೆ, ಊರೂರಿಂದ ಗಾಡಿಗಟ್ಟಲೆ ಮೊಟ್ಟೆ ತರಿಸಿದ್ರಂತೆ, ಅದರಲ್ಲಿ ಒಂದೂರಿನವರು ದಾರೀಲಿ ಒಡೆದು ಹೋಗುತ್ತೆ ಅಂತ ಬೇಯಿಸಿ ಕಳಿಸಿದ್ರಂತೆ. ನಮ್ಮ ಸಿವಿಲ್ ಇಂಜಿನಿಯರ್ ಹುಡುಗ ಇದಕ್ಕೆ ನಗ್ಲಿಲ್ಲ, ನಮ್ಮೂರ ಹಳೇ ಕಟ್ಟಡಗಳ ಗಾರೇಲೂ ಬೆಲ್ಲ ಮೊಟ್ಟೆ ಹಾಕ್ತಿದ್ರು ಗುರು ಅಂತ ಶುರು ಮಾಡಿ ಸೇತುವೆ ಆಚೆ ದಡದ ಮಾಲಾ ಸ್ತ್ರಾನಾ ಬಡಾವಣೆ ದಾಟೋ ತನಕ ಸುಣ್ಣದ ಕೆಮಿಸ್ಟ್ರಿ ಕೊರೆದ.

ಸೇತುವೆಯಿಂದ ನೇರ ಗುಡ್ಡ ಹತ್ತಿದ್ರೆ ಕೋಟೆ. ನಡೆಯಕ್ಕೆ ಆಗದಿದ್ರೆ 22ನೇ ನಂಬರ್ ಟ್ರಾಮ್. ಅಂಗಳಗಳಿಗೆ ಟಿಕೆಟ್ ಇಲ್ಲ, ಕಟ್ಟಡಗಳ ಒಳಗೆ ಹೋಗಕ್ಕೆ ಟಿಕೆಟ್ ಬೇಕು, 9ಕ್ಕೆ ಓಪನ್. ಸ್ಟೂಡೆಂಟ್ ಡಿಸ್ಕೌಂಟ್ 26 ವರ್ಷದ ತನಕ ಮಾತ್ರ, ನಾಲ್ಕು ವರ್ಷ ಕೆಲಸ ಮಾಡಿ ಮಾಸ್ಟರ್ಸ್‌ಗೆ ಬಂದಿರೋ ನನ್ನಂಥೋರು ಐಡಿ ಕಾರ್ಡ್ ತೋರಿಸಿದ್ರೂ ಫುಲ್ ಟಿಕೆಟ್ಟೇ. ಕೆಥೀಡ್ರಲ್ ಕೆಲಸ 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿದಿದ್ದು, ಮಧ್ಯದಲ್ಲಿ ಯುದ್ಧ, ದುಡ್ಡಿಲ್ಲ, ಬೆಂಕಿ, ಎಲ್ಲಾ ಆಗಿ ನಿಂತುಹೋಗಿತ್ತು. ಚೆಕ್ ಚಿತ್ರಕಾರ ಅಲ್ಫೋನ್ಸ್ ಮೂಹಾ ಡಿಸೈನ್ ಮಾಡಿದ ಬಣ್ಣದ ಗಾಜಿನ ಕಿಟಕಿ ಒಂದಿದೆ, ಬಾಗಿಲಿಂದ ಒಳಗೆ ಹೋಗಿ ಎಡಕ್ಕೆ, ಅದನ್ನ ಬಿಡ್ಬೇಡಿ. ಹಳೇ ಅರಮನೇಲಿ 1618ರಲ್ಲಿ ರಾಜನ ಕಡೆಯ ಅಧಿಕಾರಿಗಳನ್ನ ಎಸೆದ ಕಿಟಕಿ ಇದೆ. ಅವರು ಸಾಯ್ಲಿಲ್ಲ, ಆದ್ರೆ ಆ ಜಗಳದಿಂದ ಶುರುವಾದ ಯುದ್ಧ ಮೂವತ್ತು ವರ್ಷ ನಡೀತು. ಗೋಲ್ಡನ್ ಲೇನ್‌ನಲ್ಲಿ ಲೇಖಕ ಕಾಫ್ಕಾ ಕೂತು ಬರೀತಿದ್ದ 22ನೇ ನಂಬರ್ ಮನೆ ಈಗ ಅಂಗಡಿ. ಗಲ್ಲಿ ಚೆನ್ನಾಗಿದೆ, ಅದಕ್ಕಿಂತ ಜಾಸ್ತಿ ಹೇಳೋಂಥದ್ದು ಏನಿಲ್ಲ.

ಮಧ್ಯಾಹ್ನದ ಮೇಲೆ ಎಲ್ಲರನ್ನೂ ಬಿಟ್ಟುಬಿಟ್ಟೆ. ಹನ್ನೊಂದು ಜನ ಇಡೀ ದಿನ ಒಟ್ಟಿಗೆ ಓಡಾಡಿದ್ರೆ ಜಗಳ ಗ್ಯಾರಂಟಿ, ಒಬ್ಬನಿಗೆ ಬಿಯರ್ ಬೇಕು, ಒಬ್ಬಳಿಗೆ ಶಾಪಿಂಗ್, ಇನ್ನೊಬ್ಬನಿಗೆ ನಿದ್ದೆ. ಸಂಜೆ ಏಳಕ್ಕೆ ಓಲ್ಡ್ ಟೌನ್ ಸ್ಕ್ವೇರ್‌ನಲ್ಲಿ ಯಾನ್ ಹುಸ್ ಪ್ರತಿಮೆ ಕೆಳಗೆ ಸೇರೋಣ ಅಂತ ಹೇಳಿದ್ದೆ, ಅಷ್ಟು ದೊಡ್ಡದು, ಯಾರೂ ಮಿಸ್ ಮಾಡಕ್ಕಾಗಲ್ಲ. ಹುಸ್ ಇಲ್ಲಿನ ಯೂನಿವರ್ಸಿಟಿ ರೆಕ್ಟರ್ ಆಗಿದ್ದವನು, ಚರ್ಚಿನವರು ಮಾಡ್ತಿರೋದು ತಪ್ಪು ಅಂದಿದ್ದಕ್ಕೆ 1415ರಲ್ಲಿ ಸುಟ್ಟು ಹಾಕಿದ್ರು.

ಅಲ್ಲೇ ಪಕ್ಕದಲ್ಲಿ ಓರ್ಲಾಯ್, 1410ರ ಗಡಿಯಾರ. ಗಂಟೆಗೊಂದ್ಸಲ ಅಸ್ಥಿಪಂಜರ ಗಂಟೆ ಬಾರಿಸಿ, ಕಿಟಕೀಲಿ ಯೇಸುವಿನ ಶಿಷ್ಯರು ಸಾಲಾಗಿ ಹೋಗಿ, ಕೋಳಿ ಕೂಗಿ ಮುಗಿಯುತ್ತೆ. ಹುಬ್ಬಳ್ಳಿ ಹುಡುಗಿ ಒಬ್ಬಳು "ಏನಲೇ ಇದು, ಫೋನ್ ತಗ್ಯೂದ್ರಾಗ ಮುಗದ ಹೋತಲ್ಲ" ಅಂದ್ಳು. ನನ್ ಪ್ರಕಾರ ಆ ಷೋ ನೋಡ್ದೇ ಇದ್ರೂ ಪರವಾಗಿಲ್ಲ, ಜನ ಚದುರಿದ ಮೇಲೆ ಹೋಗಿ ಡಯಲ್ ನೋಡಿ. ಚಿನ್ನದ ಬಣ್ಣದ ಹಸ್ತ ಇರೋ ಮುಳ್ಳು ಒಂದಿದೆ, ಅದು ಹೊರಗಿನ ರಿಂಗ್ ಮೇಲೆ ತೋರಿಸೋದು ಹಳೇ ಬೊಹೀಮಿಯಾ (ಈ ಚೆಕ್ ಸೀಮೆಯ ಹೆಸರು) ಟೈಮು, ಅಂದ್ರೆ ಸೂರ್ಯ ಮುಳುಗಿದ ಕೂಡಲೇ ದಿನ ಮುಗಿದು ಒಂದರಿಂದ ಲೆಕ್ಕ ಶುರು. ಅವತ್ತು ಸೂರ್ಯ ಮುಳುಗಿ ಒಂದು ಗಂಟೆ ಆಗಿತ್ತು, ಕರೆಕ್ಟಾಗಿ ಮುಳ್ಳು 1ರ ಹತ್ರ ನಿಂತಿತ್ತು. ವರ್ಷ ಪೂರ್ತಿ ಸೂರ್ಯಾಸ್ತ ಹಿಂದೆಮುಂದೆ ಆಗೋ ಹಾಗೆ ಆ ರಿಂಗೂ ಸರಿದಾಡುತ್ತೆ. ಒಳಗಡೆ ನೀಲಿ ಭಾಗದಲ್ಲಿ ಇನ್ನೊಂದು ಲೆಕ್ಕ, ಹಗಲನ್ನ ಉದಯದಿಂದ ಅಸ್ತದವರೆಗೆ ಹನ್ನೆರಡು ಪಾಲು ಮಾಡಿರೋದು, ಬೇಸಿಗೇಲಿ ಒಂದೊಂದು ಪಾಲು ಉದ್ದ, ಚಳಿಗಾಲದಲ್ಲಿ ಗಿಡ್ಡ. ರಾಹುಕಾಲಕ್ಕೆ ನಮ್ಮಲ್ಲಿ ಹಗಲನ್ನ ಎಂಟು ಪಾಲು ಮಾಡ್ತಾರಲ್ಲ, ಅದೇ ಥರ. ಜೊತೆಗೆ ರಾಶಿಚಕ್ರ. ಸೂರ್ಯನ ಗೊಂಬೆ ತುಲಾ ರಾಶೀಲಿ ಇತ್ತು, ಮೈಸೂರು ಹುಡುಗ ಪಂಚಾಂಗದ ಆ್ಯಪ್ ತೆಗೆದು "ಮಗಾ ಇದು ತಪ್ಪು, ಸೂರ್ಯ ಇನ್ನೂ ಕನ್ಯಾದಲ್ಲಿದಾನೆ" ಅಂದ. ಎರಡೂ ಸರೀನೇ, ಅವರದ್ದು ಋತುಗಳನ್ನ ಹಿಡಿದು ಲೆಕ್ಕ ಹಾಕೋ ಸಾಯನ, ನಮ್ಮದು ನಕ್ಷತ್ರಗಳನ್ನ ಹಿಡಿದು ಹಾಕೋ ನಿರಯಣ, ಈಗ ಇವೆರಡರ ಮಧ್ಯೆ ಸುಮಾರು 24 ಡಿಗ್ರಿ ವ್ಯತ್ಯಾಸ ಇದೆ. ಆ ಚಳೀಲಿ ಅರ್ಧ ಗಂಟೆ ಇದೇ ವಾದ, ಪಕ್ಕದಲ್ಲಿ ಗೈಡ್ ಒಬ್ಬರು ನಮ್ಮ ಮುಖ ನೋಡ್ತಾ ನಿಂತಿದ್ರು.

ವೆಜ್‌ನವರಿಗೆ ಸ್ವಲ್ಪ ಕಷ್ಟ, ಉಪವಾಸ ಅಂತೂ ಇರಲ್ಲ. ಸ್ಮಾಝೆನಿ ಸೀರ್ ಅಂತ ಚೀಸ್‌ನ ಬ್ರೆಡ್ ಪುಡೀಲಿ ಹೊರಳಿಸಿ ಕರಿದು ಆಲೂಗಡ್ಡೆ ಜೊತೆ ಕೊಡ್ತಾರೆ, ಒಂದ್ಸಲಕ್ಕೆ ಸೂಪರ್, ಎರಡನೇ ಸಲಕ್ಕೆ ಬೇಡ. ಪಕ್ಕದಲ್ಲಿಡೋ ಸಾಸ್‌ನಲ್ಲಿ ಮೊಟ್ಟೆ ಇರುತ್ತೆ, ಆಲೂಗಡ್ಡೆ ಸೂಪ್‌ನ ಎಷ್ಟೋ ಕಡೆ ಮಾಂಸ ಬೇಯಿಸಿದ ನೀರಲ್ಲೇ ಮಾಡ್ತಾರೆ, ಕೇಳಿ ತಗೊಳಿ. ನಾವು ಶನಿವಾರ ರಾತ್ರಿ ಇಂಡಿಯನ್ ವೆಜ್ ಬಫೆ ಒಂದಕ್ಕೆ ಹೋದ್ವಿ, ತಟ್ಟೇನ ತೂಕ ಹಾಕಿ ದುಡ್ಡು, ಅನ್ನ ಬೇಳೆ ನೋಡಿ ಎಲ್ಲರ ತಟ್ಟೇನೂ ಭಾರವಾಯ್ತು. ಬೀದಿ ಬೀದೀಲಿ ಹಳೇ ಚೆಕ್ ತಿಂಡಿ ಅಂತ ಮಾರೋ ಟ್ರಡೆಲ್ನೀಕ್ ಅಲ್ಲಿಯ ಹಳೇ ತಿಂಡಿಯೇನಲ್ಲ, ಟೂರಿಸ್ಟ್‌ಗಳಿಗೆ ಅಂತ ಇತ್ತೀಚೆಗೆ ಬಂದಿದ್ದು. ಹೋಟೆಲ್‌ನಲ್ಲಿ ಕೇಳದೇ ಟೇಬಲ್ ಮೇಲೆ ಬ್ರೆಡ್ ಇಟ್ರೆ ಮುಟ್ಬೇಡಿ, ಬಿಲ್‌ಗೆ ಸೇರುತ್ತೆ. ನೀರಿಗೂ ದುಡ್ಡು, ನಲ್ಲಿ ನೀರು ಕುಡಿಯಬಹುದು, ಬಾಟ್ಲಿ ತುಂಬಿಸ್ಕೊಂಡ್ ಹೊರಡಿ.

ಭಾನುವಾರ ಜೋಸೆಫೋವ್. ಪಿಂಕಾಸ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಳಗೆ ಗೋಡೆ ತುಂಬಾ ಹೆಸರು, ಕೆಳಗಿಂದ ಕಮಾನಿನ ತನಕ, ನಾಜಿಗಳು ಕೊಂದ ಬೊಹೀಮಿಯಾ ಮೊರೇವಿಯಾದ ಸುಮಾರು 78,000 ಯಹೂದಿಗಳದ್ದು. ಮನೆತನದ ಹೆಸರು ಕೆಂಪಲ್ಲಿ, ಆಮೇಲೆ ಒಬ್ಬೊಬ್ಬರ ಹೆಸರು, ಹುಟ್ಟಿದ ದಿನ, ಕೊನೇದಾಗಿ ಗೊತ್ತಿರೋ ದಿನ. ಒಂದೇ ಮನೆತನದ ಕೆಳಗೆ ಒಂದೇ ಕೊನೇ ದಿನಾಂಕ ಸಾಲಾಗಿ ಬರೋದನ್ನ ನೋಡಿದ್ರೆ ಯಾರೂ ವಿವರಿಸೋದು ಬೇಕಾಗಲ್ಲ. 1968ರ ನಂತರ ಇದನ್ನ ಮುಚ್ಚಿ ಹೆಸರುಗಳನ್ನ ಅಳಿಸಿಬಿಟ್ಟಿದ್ರು, ಕಮ್ಯುನಿಸ್ಟ್ ಸರ್ಕಾರ ಹೋದ ಮೇಲೆ 1992ರಿಂದ 96ರವರೆಗೆ ಅಷ್ಟನ್ನೂ ಮತ್ತೆ ಬರೆದ್ರು. ಮೇಲ್ಗಡೆ ನಾಜಿಗಳ ಟೆರೆಜಿನ್ ಕ್ಯಾಂಪ್‌ನಲ್ಲಿದ್ದ ಮಕ್ಕಳು ಬಿಡಿಸಿದ ಚಿತ್ರಗಳು. ಪಕ್ಕದ ಸ್ಮಶಾನದಲ್ಲಿ ಜಾಗ ಸಾಲದೆ ಒಂದರ ಮೇಲೊಂದು ಹೂತು ಕಲ್ಲುಗಳೆಲ್ಲಾ ವಾಲ್ಕೊಂಡಿವೆ.

ಅಲ್ಲಿಂದ ನದಿ ಕಡೆಗೆ ಐದು ನಿಮಿಷ ನಡೆದ್ರೆ ಯಾನ್ ಪಾಲಾಖ್ ಚೌಕ. 1348ರಲ್ಲಿ ಶುರುವಾದ ಚಾರ್ಲ್ಸ್ ಯೂನಿವರ್ಸಿಟಿಯ ಆರ್ಟ್ಸ್ ಫ್ಯಾಕಲ್ಟಿ ಇಲ್ಲೇ ಇರೋದು. ಪಾಲಾಖ್ ಅಲ್ಲಿನ ಸ್ಟೂಡೆಂಟ್, ಸೋವಿಯತ್ ಸೈನ್ಯ ಒಳಗೆ ಬಂದಿದ್ದಕ್ಕೆ, ಜನ ಸುಮ್ಮನಾಗಿಬಿಟ್ಟಿದ್ದಕ್ಕೆ 1969ರ ಜನವರೀಲಿ ವೆನ್ಸೆಸ್ಲಾಸ್ ಚೌಕದಲ್ಲಿ ಬೆಂಕಿ ಹಚ್ಕೊಂಡ, ಆಗ ಇಪ್ಪತ್ತು ವರ್ಷ. ಅಲ್ಲಿಂದ ನಾರೋಡ್ನಿ ರಸ್ತೆಗೆ ಹೋದ್ವಿ, ಕಟ್ಟಡದ ಕೆಳಗಿನ ದಾರೀಲಿ ಗೋಡೆ ಮೇಲೆ ಕಂಚಿನ ಕೈಗಳು, ಕೆಳಗೆ 17.11.1989 ಅಂತ ಬರೆದಿದೆ, ಸಣ್ಣದು, ಹುಡುಕ್ಬೇಕು. ನವೆಂಬರ್ 17 ಇಂಟರ್‌ನ್ಯಾಷನಲ್ ಸ್ಟೂಡೆಂಟ್ಸ್ ಡೇ ಅಂತ ನಮ್ಮ ಯೂನಿವರ್ಸಿಟಿ ಮೇಲ್‌ನಲ್ಲಿ ಬರುತ್ತಲ್ಲ, ಅದಕ್ಕೆ ಕಾರಣವಾದ ಘಟನೆ ನಡೆದಿದ್ದು ಈ ಊರಲ್ಲಿ. 1939ರ ಅಕ್ಟೋಬರ್‌ನಲ್ಲಿ ನಾಜಿಗಳ ವಿರುದ್ಧ ಮೆರವಣಿಗೇಲಿ ಯಾನ್ ಓಪ್ಲೆಟಾಲ್ ಅನ್ನೋ ಮೆಡಿಕಲ್ ಸ್ಟೂಡೆಂಟ್‌ಗೆ ಗುಂಡು ಬಿತ್ತು, ಅವನ ಶವಯಾತ್ರೇಲಿ ಮತ್ತೆ ಗಲಾಟೆ, ನವೆಂಬರ್ 17ಕ್ಕೆ ಹಾಸ್ಟೆಲ್‌ಗಳಿಗೆ ನುಗ್ಗಿ ಒಂಬತ್ತು ಜನರನ್ನ ಕೊಂದು, ಸಾವಿರಕ್ಕೂ ಹೆಚ್ಚು ಸ್ಟೂಡೆಂಟ್ಸ್‌ನ ಕ್ಯಾಂಪ್‌ಗೆ ಕಳಿಸಿ, ಚೆಕ್ ಯೂನಿವರ್ಸಿಟಿಗಳನ್ನೇ ಮುಚ್ಚಿದ್ರು. ಐವತ್ತು ವರ್ಷ ಆದ ಮೇಲೆ ಅದೇ ದಿನ ನೆನಪಿನ ಮೆರವಣಿಗೆ ಹೊರಟ ಸ್ಟೂಡೆಂಟ್ಸ್‌ನ ಪೊಲೀಸ್ರು ಈ ರಸ್ತೇಲಿ ಹೊಡೆದ್ರು, ಅದಾಗಿ ಕೆಲವೇ ವಾರಕ್ಕೆ ಕಮ್ಯುನಿಸ್ಟ್ ಸರ್ಕಾರ ಬಿತ್ತು. ಸ್ಟೂಡೆಂಟ್ ಗ್ರೂಪ್ ಅಂತ ಹೋದ್ಮೇಲೆ ಕೋಟೆಗಿಂತ ಮುಂಚೆ ಇಲ್ಲಿಗೆ ಕರ್ಕೊಂಡ್ ಬರ್ಬೇಕು ಅನ್ನೋದು ನನ್ನ ಅಭಿಪ್ರಾಯ, ಟೈಮಿಂಗ್ ದೆಸೆಯಿಂದ ಕೊನೇಗೆ ಬಿತ್ತು ಅಷ್ಟೇ.

ವಾಪಸ್ ಬರೋವಾಗ ಪಾಸ್‌ಪೋರ್ಟ್ ಮತ್ತೆ ರೆಸಿಡೆನ್ಸ್ ಕಾರ್ಡ್ ಎರಡೂ ಕೈಯಲ್ಲೇ ಇರ್ಲಿ, ಬಾರ್ಡರ್ ದಾಟಿದ ಮೇಲೆ ಜರ್ಮನ್ ಪೊಲೀಸ್ರು ಟ್ರೈನ್ ಹತ್ತಿ ಚೆಕ್ ಮಾಡ್ತಾರೆ, ಫೋನ್‌ನಲ್ಲಿರೋ ಫೋಟೋ ನಡೆಯಲ್ಲ. ಕಾರ್ಡ್ ಇನ್ನೂ ಬಂದಿಲ್ಲ ಅನ್ನೋರು ವೀಸಾ ಡೇಟ್ ನೋಡ್ಕೊಂಡು ಹೊರಡಿ. ಭಾನುವಾರ ಸಂಜೆ ಟ್ರೈನ್ ಫುಲ್ ಇರುತ್ತೆ, ಸೀಟ್ ರಿಸರ್ವ್ ಮಾಡ್ಸಿ. ಉಳಿದ ಕೊರುನಾ ನಾಣ್ಯಗಳನ್ನ ಜರ್ಮನೀಲಿ ಯಾರೂ ತಗೊಳ್ಳಲ್ಲ, ನಾವು ಸ್ಟೇಷನ್ ಸೂಪರ್‌ಮಾರ್ಕೆಟ್‌ನಲ್ಲಿ ಎಲ್ಲರ ಚಿಲ್ಲರೆ ಸೇರಿಸಿ ಬಾಳೆಹಣ್ಣು, ಬ್ರೆಡ್ಡು, ಒಂದು ದೊಡ್ಡ ಚಿಪ್ಸ್ ಪ್ಯಾಕೆಟ್ ತಗೊಂಡ್ವಿ, ಬಾರ್ಡರ್ ಹತ್ರದ ಡೆಚೀನ್ ಸ್ಟೇಷನ್ ಬರೋಷ್ಟರಲ್ಲಿ ಖಾಲಿ.