ಬ್ಯಾಂಡೇಡ್ ಡಬ್ಬಿ ಸಾಕಾ, ಟ್ರಾಮಾ ಕಿಟ್ ಬೇಕಾ?

ನಾನು ಮರಗೆಲಸದವನು. ವರ್ಕ್‌ಶಾಪಿನ ಗೋಡೆಯಲ್ಲಿ ಒಂದು ಫಸ್ಟ್ ಏಡ್ ಡಬ್ಬಿ ವರ್ಷಗಟ್ಟಲೆ ನೇತಾಡುತ್ತಿತ್ತು. ಬ್ಯಾಂಡೇಡ್, ಹತ್ತಿ, ಅಯೋಡಿನ್, ಚಿಮುಟ, ಒಂದಿಷ್ಟು ಪ್ಯಾರಾಸಿಟಮಾಲ್. ಸಿಬಿರು ಚುಚ್ಚಿದರೆ, ಉಳಿ ಜಾರಿದರೆ ಅಷ್ಟೇ ಸಾಕಾಗುತ್ತಿತ್ತು. ಟ್ರಾಮಾ ಕಿಟ್, ಅಂದರೆ ಜೋರು ರಕ್ತಸ್ರಾವ ತಡೆಯುವ ಸಾಮಾನಿನ ಚೀಲ, ಬೇಕು ಅಂತ ಅನ್ನಿಸಿರಲಿಲ್ಲ.

ಒಂದು ಸಂಜೆ ಗ್ರೈಂಡರ್ ಹಾರಿ ಜೊತೆಗಾರನ ಮುಂಗೈ ಸೀಳಿತು. ಓಡಿ ಹೋಗಿ ಡಬ್ಬಿ ತೆಗೆದೆ. ಎರಡಿಂಚಿನ ಗಾಜ್ ತುಂಡು, ಅಂದರೆ ಗಾಯಕ್ಕೆ ಇಡುವ ತೆಳು ಬಲೆಬಟ್ಟೆ, ಇಟ್ಟ ಕೂಡಲೇ ತೊಯ್ದು ನನ್ನ ಬೆರಳಿಗೇ ಅಂಟಿಕೊಂಡಿತು. ಕೊನೆಗೆ ಒಗೆದಿಟ್ಟ ಟವೆಲ್ ಮಡಚಿ, ಮೈಭಾರವೆಲ್ಲ ಹಾಕಿ ಒತ್ತಿ ಹಿಡಿದೆ. ಆಂಬುಲೆನ್ಸ್ ಬರುವವರೆಗೂ ಬಿಡಲಿಲ್ಲ. ಅವನ ಕೈ ಉಳಿಯಿತು. ದೊಡ್ಡ ರಕ್ತನಾಳ ತುಂಡಾದರೆ ಐದು ನಿಮಿಷದೊಳಗೇ ಜೀವ ಹೋಗಬಹುದು ಅಂತ ಆಮೇಲೆ ಗೊತ್ತಾಯಿತು.

ಆ ಗಾಬರಿಯಲ್ಲಿ ದೊಡ್ಡದೊಂದು ಕಿಟ್ ತರಿಸಿದೆ. ಇನ್ನೂರು ವಸ್ತು ಅಂತ ಮೇಲೆ ಬರೆದಿತ್ತು. ಬಿಚ್ಚಿದರೆ ಮುಕ್ಕಾಲು ಪಾಲು ಬ್ಯಾಂಡೇಡೇ! ಆಮೇಲೆ ಅಗ್ಗದ ಟೂರ್ನಿಕೆ ತಂದೆ. ಅಂದರೆ ಕೈಗೋ ಕಾಲಿಗೋ ಬಿಗಿದು ರಕ್ತ ನಿಲ್ಲಿಸುವ ಪಟ್ಟಿ. ನನ್ನ ತೊಡೆಗೇ ಹಾಕಿ, ಬಿಗಿಸುವ ಕಡ್ಡಿ ತಿರುಗಿಸಿದೆ. ಮೂರನೇ ಸುತ್ತಿಗೆ ಆ ಪ್ಲಾಸ್ಟಿಕ್ ಕಡ್ಡಿ ಬಾಗಿತು. ಸುಮ್ನೆ ಎಸೆದೆ.

ಅಷ್ಟಾದ ಮೇಲೆ ಬುದ್ಧಿ ಬಂದು, ರಕ್ತಸ್ರಾವ ತಡೆಯುವ ಅರ್ಧ ದಿನದ ತರಬೇತಿಗೆ ಹೋದೆ. ಇದನ್ನೇ ಮೊದಲು ಮಾಡಬೇಕಿತ್ತು. ಟೂರ್ನಿಕೆ ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಅಂದರೆ ಹೃದಯದ ಕಡೆಗೆ, ಬರಬೇಕು, ಕೀಲಿನ ಮೇಲೆ ಕೂಡದು. ರಕ್ತ ನಿಲ್ಲುವವರೆಗೂ ತಿರುಗಿಸಬೇಕು. ಗಾಯಾಳು ಕಿರುಚುತ್ತಾನೆ, ಜಾಸ್ತಿಯೇ ನೋಯುತ್ತದೆ. ಅಯ್ಯೋ ಪಾಪ ಅಂತ ಸಡಿಲ ಮಾಡಬಾರದು. ಕಟ್ಟಿದ ಹೊತ್ತನ್ನು ಬರೆದಿಡಬೇಕು. ಕಂಕುಳು, ತೊಡೆಸಂದಿಗೆ ಟೂರ್ನಿಕೆ ಕೂರುವುದಿಲ್ಲ, ಅಲ್ವಾ? ಅಲ್ಲಿ ಗಾಜ್ ಪಟ್ಟಿಯನ್ನು ಗಾಯದ ಆಳಕ್ಕೆ ತುರುಕಿ ಒತ್ತಿ ಹಿಡಿಯಬೇಕು. ರಕ್ತ ಹೆಪ್ಪುಗಟ್ಟಿಸುವ ಔಷಧದ ಗಾಜ್ ಆದರೆ ಕನಿಷ್ಠ 3 ನಿಮಿಷ. ಮಧ್ಯೆ ಇಣುಕಿ ನೋಡುವ ಹಾಗಿಲ್ಲ.

ಹಾಗಾಗಿ ಈಗ ಸಾದಾ ಡಬ್ಬಿ, ಟ್ರಾಮಾ ಕಿಟ್ ಎರಡನ್ನೂ ಇಟ್ಟಿದ್ದೇನೆ, ಬೇರೆ ಬೇರೆಯಾಗಿ. ಚೂಪು ಯಂತ್ರದ ಹತ್ತಿರ ಕೆಲಸ ಇಲ್ಲದವರಿಗೆ, ಆಸ್ಪತ್ರೆ ಪಕ್ಕದಲ್ಲೇ ಇರುವವರಿಗೆ ಸಾದಾ ಡಬ್ಬಿಯ ಜೊತೆ ಎರಡು ರೋಲ್ ಗಾಜ್, ಗಾಯವನ್ನು ಒತ್ತಿ ಕಟ್ಟುವ ಒಂದು ಪ್ರೆಶರ್ ಬ್ಯಾಂಡೇಜ್ ಸೇರಿಸಿದರೆ ಸಾಕು ಅನ್ನಿಸುತ್ತದೆ. ನನ್ನ ಟ್ರಾಮಾ ಕಿಟ್‌ನ ಕೆಂಪು ಚೀಲದಲ್ಲಿ ಇವುಗಳ ಜೊತೆ ಗಟ್ಟಿ ಟೂರ್ನಿಕೆ, ಔಷಧದ ಗಾಜ್, ಗ್ಲೌಸ್, ದಪ್ಪ ಬಟ್ಟೆ ಕತ್ತರಿಸುವ ಕತ್ತರಿ, ಮಾರ್ಕರ್ ಇವೆ. ಸಿದ್ಧ ಕಿಟ್‌ನಲ್ಲಿ ಎದೆಗೆ ಚುಚ್ಚುವ ಸೂಜಿಯೂ ಬಂದಿತ್ತು. ಅದನ್ನು ಬಳಸಲು ನನಗೆ ಬರುವುದಿಲ್ಲ, ತೆಗೆದುಬಿಟ್ಟೆ.

ಟೂರ್ನಿಕೆಯ ಪ್ಲಾಸ್ಟಿಕ್ ಹೊದಿಕೆಯನ್ನು ಮೊದಲೇ ಬಿಚ್ಚಿಟ್ಟಿದ್ದೇನೆ. ರಕ್ತ ಹತ್ತಿದ ಬೆರಳಿಗೆ ಅದು ಹರಿಯುವುದಿಲ್ಲ. ಅಭ್ಯಾಸಕ್ಕೆ ಇನ್ನೊಂದಿದೆ, ಅದಕ್ಕೆ ನೀಲಿ ಟೇಪ್ ಸುತ್ತಿದೆ. ಬಳಸಿ ಸವೆದದ್ದು ನಿಜವಾದ ಹೊತ್ತಿಗೆ ಕೈಕೊಡಬಾರದು ನೋಡಿ.

ಕಳೆದ ತಿಂಗಳು ಚೀಲ ತೆರೆದರೆ ಕತ್ತರಿಯೇ ಇಲ್ಲ. ಯಾರೋ ರಟ್ಟು ಕತ್ತರಿಸಲು ಒಯ್ದಿದ್ದರು. ಈಗ ಜಿಪ್ಪಿನ ಮೇಲೆ ಕಾಗದದ ಚೀಟಿ ಅಂಟಿಸಿದ್ದೇನೆ. ಅದು ಹರಿದಿದ್ದರೆ ಒಳಗೆ ಏನೋ ಕಮ್ಮಿಯಾಗಿದೆ ಅಂತ ಲೆಕ್ಕ.